ಲೊಚಗುಟ್ಟುವ ಮೋಟಾರು

ಕೊಪ್ಪಳದ ಕೋಟೆಗುಡ್ಡದ ಬುಡದಲ್ಲಿ ಕುಲುಮೆ ಇಟ್ಟುಕೊಂಡಿದ್ದ ಕಮ್ಮಾರರ ಕಳಕಪ್ಪನಿಗೆ ತನ್ನ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು. ಅದನ್ನು ಅವನು ಗುಟ್ಟಾಗಿಯೇನೂ ಇಟ್ಟಿರಲಿಲ್ಲ. ಊರಿಗೆ ಮೊದಲನೆಯ ಮೋಟಾರು ಬಂದು, ಅದರ ಬೆನ್ನಿಗೇ ಎರಡನೆಯದೂ ಬಂದು, ಎರಡೂ ಕೆಟ್ಟು ಕೂತಾಗ ಅವನು ಕುಡ, ಕುಡುಗೋಲುಗಳನ್ನು ಮೂಲೆಗೆ ಸರಿಸಿ ಮೋಟಾರಿನ ಕೆಳಗೆ ತೂರಿಕೊಂಡ. ಹೊರಗೆ ಬಂದಾಗ ಮಿಸ್ತ್ರಿಯಾಗಿದ್ದ. ಮಿಸ್ತ್ರಿಯಾದ ಮೇಲೆ ನಡಿಗೆ ಬದಲಾಯಿತು, ಕೆಮ್ಮು ಬದಲಾಯಿತು. ಹಾದಿಯಲ್ಲಿ ಯಾರಾದರೂ ಮಾತಾಡಿಸಿದರೆ ಮೊದಲು ಅರಿವೆಯಿಂದ ಕೈ ಒರೆಸಿಕೊಂಡು ಆಮೇಲೆ ಬಾಯಿ ಬಿಡುತ್ತಿದ್ದ, ಆಗಷ್ಟೇ ಮಿಂದು ಬಂದಿದ್ದರೂ.

"ಕಬ್ಬಿಣಕ್ಕೂ ಕಿವಿ ಅದಾವು," ಎನ್ನುವುದು ಅವನ ದಿನದ ಮಾತು. "ಮಂದಿ ಅದನ್ನ ಹೊಡದು ಬಗ್ಗಸ್ತಾರ. ನಾ ಹೇಳಿ ಬಗ್ಗಸ್ತೀನಿ."

ಕೇಳಿದವರು ತಲೆದೂಗುತ್ತಿದ್ದರು. ಅವರ ಕುಂಟೆಯ ಕುಡ ಇನ್ನೂ ಅವನ ಕುಲುಮೆಯಲ್ಲೇ ಬಿದ್ದಿರುತ್ತಿತ್ತು, ತಲೆದೂಗದೆ ಏನು ಮಾಡಿಯಾರು? ತಲೆದೂಗದವಳು ಒಬ್ಬಳೇ, ಹೆಂಡತಿ ಪಂಪಮ್ಮ. ಅವಳು ಎದುರು ಮಾತಾಡುವ ಹೆಣ್ಣಲ್ಲ. ನಾಲಗೆಯನ್ನು ಅಂಗುಳಕ್ಕೆ ಹಚ್ಚಿ ಒಮ್ಮೆ ಬಿಡುವಳು: "ಚ್ಚ್." ಅಷ್ಟೇ. ಮತ್ತೆ ರೊಟ್ಟಿ ತಟ್ಟುವಳು. ಆದರೆ ಆ ಒಂದು ಲೊಚಕ್ಕೆ ಕಳಕಪ್ಪನ ಎದೆಯೊಳಗಿನ ಗಾಳಿ ತಿದಿಯ ಗಾಳಿಯಂತೆ ಹುಸ್ಸೆಂದು ಇಳಿದುಬಿಡುತ್ತಿತ್ತು. ಸಿಟ್ಟು ಬರುತ್ತಿತ್ತು. ಒಳಗೊಳಗೇ ಒಂದು ನಮೂನೆ ಆರಾಮವೂ ಅನಿಸುತ್ತಿತ್ತು.

ಮದುವೆಯ ಹೊಸತರಲ್ಲಿ ಅವಳ ಒಲೆಗೆಂದು ಅವನೊಂದು ಇಕ್ಕಳ ಮಾಡಿಕೊಟ್ಟಿದ್ದ. ಅದರ ಒಂದೊಂದು ಕಾಲೂ ಹೆಬ್ಬೆರಳಿನಷ್ಟು ದಪ್ಪ. ಪಂಪಮ್ಮ ಅದನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿದಳು.

"ಇದರಾಗ ಕೆಂಡ ಎತ್ತಬೇಕ್ರ್ಯೋ, ಕ್ವಾಣಾ ಎತ್ತಬೇಕ್ರ್ಯೋ?"

"ನೂರು ವರ್ಸ ಬಾಳಕಿ ಬರತೈತಿ. ನಿನ್ನ ಮೊಮ್ಮಕ್ಕಳು ಹಿಡೀತಾರ."

"ಚ್ಚ್."

ನೂರು ವರ್ಷದ ಇಕ್ಕಳದ ಕೀಲು ಆರು ತಿಂಗಳಿಗೇ ಸಡಿಲಾಯಿತು. ಕೆಂಡ ಎತ್ತಿದಾಗೊಮ್ಮೆ ಅದೂ ಲೊಚಗುಟ್ಟುತ್ತಿತ್ತು. ನಾಳೆ ಬಿಗಿ ಮಾಡಿಕೊಡುತ್ತೇನೆ ಎಂದು ಕಳಕಪ್ಪ ಹೇಳುತ್ತಲೇ ಇದ್ದ.

ಅವಳದು ಒಂದೇ ಆಸೆ. "ಆನೆಗೊಂದಿ ಕಡೆ ನನ್ನ ಹೆಸರಿನ ಹೊಂಡ ಐತೆಂತ, ಪಂಪಾಸರೋವರ. ಬಸ್ಸಿನ್ಯಾಗ ಹೋಗಿ ಒಮ್ಮೆ ಮಾರಿ ತೊಳಕೊಂಡು ಬರೂಣ್ರಿ."

"ಬಸ್ಸಿನ್ಯಾಗ ಮಂದಿ ಹೋಗ್ತಾರ," ಎಂದ ಕಳಕಪ್ಪ. "ನಿನ್ನ ನಾ ಮೋಟಾರನ್ಯಾಗ ಕುಂದರಿಸಿಕೊಂಡು ಹೊಕ್ಕೀನಿ, ಸಾವುಕಾರ್ತಿ ಹಂಗ."

"ಚ್ಚ್."

ಎರಡನೆಯ ಮಹಾಯುದ್ಧ ಶುರುವಾಗುವ ನಾಲ್ಕೈದು ವರ್ಷ ಮೊದಲು, ಚೊಚ್ಚಲ ಬಸುರಿನಲ್ಲಿ ಜ್ವರ ಬಂದು ಪಂಪಮ್ಮ ಹೋಗಿಬಿಟ್ಟಳು.

ಹೊಟ್ಟೆಯಲ್ಲಿ ಜೀವ ಇಟ್ಟುಕೊಂಡು ಹೋದವಳು ಮನೆ ಬಿಟ್ಟು ಹೋಗುವುದಿಲ್ಲ ಎನ್ನುವುದು ಆ ಓಣಿಯ ಹಿರಿಯರ ನಂಬಿಕೆ. ಅವಳನ್ನು ಊರಾಚೆಯೇ ನಿಲ್ಲಿಸಬೇಕಾದರೆ ಕುಷ್ಟಗಿ ದಾರಿಯ ತಿರುವಿನಲ್ಲಿರುವ ಹುಣಸೆಮರಕ್ಕೆ ಮೊಳೆ ಹೊಡೆಯಬೇಕು. ಮೊಳೆಯ ಕಬ್ಬಿಣ ಅವಳು ದಿನವೂ ಕೈಯಲ್ಲಿ ಹಿಡಿದದ್ದೇ ಆಗಿರಬೇಕು, ಗುರುತು ಸಿಕ್ಕು ಅಲ್ಲೇ ನಿಲ್ಲುತ್ತಾಳೆ. ಹೊಡೆಯುವವನು ಗಂಡನೇ ಆಗಿರಬೇಕು. ತಾಯಿಗೊಂದು, ಹೊಟ್ಟೆಯಲ್ಲಿದ್ದುದಕ್ಕೊಂದು. ಕಳಕಪ್ಪನ ತಾಯಿ ಶೇಖರಮ್ಮ ಒಲೆಯ ಬದಿಯಿಂದ ಇಕ್ಕಳ ತಂದು ಮಗನ ಕೈಗೆ ಕೊಟ್ಟಳು. ಇಕ್ಕಳಕ್ಕೆ ಎರಡು ಕಾಲು. ಲೆಕ್ಕ ಸರಿಹೋಯಿತು.

ಆ ದಿನ ಕಳಕಪ್ಪ ಕಬ್ಬಿಣಕ್ಕೆ ಏನನ್ನೂ ಹೇಳಲಿಲ್ಲ. ಕಾಸಿ, ಬಡಿದು, ಮೊನೆ ಮಾಡಿ, ಮರಕ್ಕೆ ಹೊಡೆದು, ರೂಢಿಯಂತೆ ಹಿಂದಿರುಗಿ ನೋಡದೆ ಬಂದ.

ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಮಾತು ಹಿಗ್ಗುತ್ತ ಹೋಯಿತು. ಶೇಖರಮ್ಮ ಮಗ ಹೇಳಿದ್ದಕ್ಕೆಲ್ಲ "ಹೌದಪ್ಪಾ" ಎನ್ನುವವಳು. ಎರಡನೆಯ ಮದುವೆಯ ಮಾತು ತೆಗೆದರೆ, "ನನ್ನ ಕೆಲಸದ ಮುಂದ ಹೆಂಡ್ತಿಗೆ ಪುರಸೊತ್ತು ಎಲ್ಲೈತೆವ್ವಾ?" ಎನ್ನುವನು. ಎಂದವನು ಅಡಿಗೆಮನೆಯ ಕಡೆ ಕಿವಿ ಕೊಡುವನು. ಅಲ್ಲಿಂದ ಏನೂ ಬರುತ್ತಿರಲಿಲ್ಲ. ಆಗ ಅವನಿಗೆ, ದೊಡ್ಡ ಸಭೆಯಲ್ಲಿ ಮಾತಾಡಿ ಮುಗಿಸಿದ ಮೇಲೆ ಕೇಳುವವರು ಯಾರೂ ಇರಲಿಲ್ಲವೆಂದು ಗೊತ್ತಾದಂತೆ ಆಗುತ್ತಿತ್ತು.

ಹೀಗಿರಲು ಯುದ್ಧ ಬಂತು. ಯುದ್ಧ ನಡೆಯುತ್ತಿದ್ದದ್ದು ಎಲ್ಲೋ, ಮೋಟಾರು ಮುರಿದದ್ದು ಹಿರೇಹಳ್ಳದಲ್ಲಿ.

ಮೋಟಾರು ಶೇಂಗಾ ವ್ಯಾಪಾರದ ಕೊಟ್ರಪ್ಪ ಸಾವುಕಾರನದು. ಹಳ್ಳ ದಾಟಲು ಬಂಡಿಗಳು ಸಾಲುಗಟ್ಟಿ ನಿಂತಿದ್ದವು. ಡ್ರೈವರ್ ರಾಜಾಸಾಬ ಮೋಟಾರನ್ನು ಸಾಲಿನ ಹಿಂದೆ ನಿಲ್ಲಿಸಿದ. ಒಳಗೆ ಕೂತಿದ್ದ ಸಾವುಕಾರನಿಗೆ ಅದನ್ನು ಸಹಿಸಲಾಗಲಿಲ್ಲ.

"ಈ ಕೊಟ್ರಪ್ಪನ ಮೋಟಾರು ಎತ್ತಿನ ಬಾಲ ನೋಡಿಕೋತ ನಿಂದರಬೇಕೇನು? ಹೊಡಿಯೋ ಬಾಜೂದಿಂದ, ನೀರಾಗ!"

ಮೋಟಾರಿನ ಎಂಜಿನ್ನಿಗೆ ಪಕ್ಕೆಯಲ್ಲಿ ಬೀಡುಕಬ್ಬಿಣದ ಒಂದು ದಪ್ಪ ಕೊಳವೆ ಇರುತ್ತದೆ. ಒಳಗೆ ಉರಿದು ಬಂದ ಬಿಸಿ ಹೊಗೆಯನ್ನೆಲ್ಲ ಕೂಡಿಸಿ ಹಿಂದಿನ ಸೈಲೆನ್ಸರಿಗೆ ಸಾಗಿಸುವುದು ಅದರ ಕೆಲಸ. ಮಿಸ್ತ್ರಿಗಳು ಅದನ್ನು ಮ್ಯಾನಿಫೋಲ್ಡು ಎನ್ನುತ್ತಾರೆ. ಅದನ್ನು ಎಂಜಿನ್ನಿಗೆ ಅವುಚಿ ಹಿಡಿಯುವವು ಸ್ಟಡ್ಡುಗಳು, ಅಂದರೆ ತಲೆಯಿಲ್ಲದ, ಎರಡೂ ತುದಿಗೆ ಸುರುಳಿಯಾಗಿ ಗೀರು ಕೊರೆದ ಬೋಲ್ಟುಗಳು. ಒಂದು ತುದಿ ಎಂಜಿನ್ನಿನ ಮೈಯೊಳಗೆ ಹೊಕ್ಕಿರುತ್ತದೆ, ಇನ್ನೊಂದಕ್ಕೆ ನಟ್ಟು. ಕಾದು ಕೆಂಪಗಾಗಿದ್ದ ಆ ಕೊಳವೆಯ ಮೇಲೆ ಹಿರೇಹಳ್ಳದ ತಣ್ಣೀರು ಬಿತ್ತು. ಕೊಳವೆ ಒಮ್ಮೆಲೇ ಮುದುಡಿತು. ಎರಡು ಸ್ಟಡ್ಡುಗಳು ಟಣ್ ಟಣ್ ಎಂದು ಬುಡದಲ್ಲೇ ಮುರಿದವು. ಸಾವುಕಾರನ ಮೋಟಾರು ಮದುವೆಯ ಮದ್ದು ಸುಟ್ಟ ಹಾಗೆ ಫಟಫಟ ಸದ್ದು ಮಾಡುತ್ತ ಊರು ಸೇರಿತು. ಬಂಡಿಗಳು ಅದಕ್ಕಿಂತ ಮೊದಲೇ ಬಂದಿದ್ದವು.

"ರಾಯಚೂರಿನಿಂದ ದೊಡ್ಡ ಸಾಹೇಬರು ಬರಾಕ ಹತ್ಯಾರ, ಆನೆಗೊಂದಿ ನೋಡಾಕ," ಎಂದ ಸಾವುಕಾರ ಕುಲುಮೆಯ ಮುಂದೆ ನಿಂತು. "ನನ್ನ ಮೋಟಾರನ್ಯಾಗನ ಕರಕೊಂಡು ಹೋಗಬೇಕು. ಸಂತಿಯೊಳಗ ರಿಪೇರಿ ಆಗ್ತೈತೋ, ಹೊಸಪೇಟೆಗೆ ಕಳಸ್ಲೋ?"

ಹೊಸಪೇಟೆ ಎಂಬ ಹೆಸರು ಕೇಳಿ ಕಳಕಪ್ಪ ಕೈ ಒರೆಸಿಕೊಂಡ. "ಸಂತಿ ಯಾಕ್ರಿ ಸಾವುಕಾರ್ರ? ಸಂತಿ ಹಿಂದಿನ ದಿನಾನ ಒಯ್ರಿ."

ಹೇಳಿದ ಮೇಲೆ ಕಬ್ಬಿಣ ಹುಡುಕಿದ. ಕಬ್ಬಿಣ ಇರಲಿಲ್ಲ. ಮುಂಬಯಿಯಿಂದ ಬಿಡಿಭಾಗ ಬರುವುದು ನಿಂತಿತ್ತು. ಅಂಗಡಿಯಲ್ಲಿ ಸರಳು ಬೇಕೆಂದರೆ ಪರವಾನಗಿ ಕೇಳುತ್ತಿದ್ದರು. ಕುಲುಮೆಯ ಹಿಂದೆ ಗುಡ್ಡೆಬಿದ್ದಿದ್ದ ಹಳೆಯ ಕಬ್ಬಿಣವನ್ನೆಲ್ಲ ಕಳೆದ ವರ್ಷವೇ ಯುದ್ಧದ ಗುತ್ತಿಗೆದಾರನಿಗೆ, "ನನ್ನ ಕಬ್ಬಿಣದಿಂದನ ನೀವು ಗೆಲ್ಲತೀರಿ" ಎಂದು ಹರಸಿ, ಮಾರಿಬಿಟ್ಟಿದ್ದ.

ಆಗ ಅವನಿಗೆ ಹುಣಸೆಮರ ನೆನಪಾಯಿತು. ಹೆಬ್ಬೆರಳಿನಷ್ಟು ದಪ್ಪದ, ತನ್ನ ಕೈಯಿಂದಲೇ ಬಡಿದ, ಇಷ್ಟು ಮಳೆಗಾಲ ಕಳೆದರೂ ತುಕ್ಕು ಹಿಡಿಯದ ಎರಡು ಮೊಳೆ. ಆ ದಾರಿಯಲ್ಲಿ ಹೋಗುವಾಗಲೆಲ್ಲ ಅವನು ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ತುಕ್ಕು ಹಿಡಿದಿಲ್ಲವೆಂದು ಅವನಿಗೆ ಹೇಗೆ ಗೊತ್ತಾಯಿತೋ!

ಮಟಮಟ ಮಧ್ಯಾಹ್ನ ರಾಜಾಸಾಬನನ್ನು ಕರೆದುಕೊಂಡು ಹೋದ. ಮರದ ಕೆಳಗೆ ನೆರಳು ದಟ್ಟವಾಗಿತ್ತು, ಒಂದು ಹಕ್ಕಿಯೂ ಇರಲಿಲ್ಲ.

"ಮಿಸ್ತ್ರಿ, ಇದು ಬ್ಯಾಡ," ಎಂದ ರಾಜಾಸಾಬ. "ನನ್ನ ಹೆಂಡ್ತಿ ಹಜರತಬೀಗೆ ಗೊತ್ತಾದ್ರ ಬಾಗಿಲದಾಗ ಬಿಟಗೊಳ್ಳಂಗಿಲ್ಲ ಆಕಿ ನನ್ನ."

"ಕಬ್ಬಿಣ ಅಂದ್ರ ಕಬ್ಬಿಣೋ. ಅದಕ್ಕ ಯಾವ ದೆವ್ವಾ, ಯಾವ ದೇವರು?"

"ಹಂಗಾರ ಮರದ ಹತ್ರ ಯಾಕ ಹೋಗವಲ್ಲಿ?"

"ಹಾರಿ ಭಾರ ಐತಿ."

ಮೊದಲ ಮೊಳೆ ಮಿಸುಕಲಿಲ್ಲ. ಕಳಕಪ್ಪ ಹಾರೆಯನ್ನು ಮೀಟಿ ಪೂರ್ತಿ ಮೈಭಾರ ಬಿಟ್ಟ. ಮರದ ಹೊಟ್ಟೆಯೊಳಗಿಂದ, ಬಹಳ ಹೊತ್ತು ತಡೆದುಕೊಂಡವರು ಬಿಟ್ಟ ಉಸಿರಿನಂಥ ಸದ್ದು ಬಂದು ಮೊಳೆ ಕೈಗೆ ಬಿತ್ತು. ಬಿಸಿಲಲ್ಲಿದ್ದ ಕಬ್ಬಿಣ, ಆದರೂ ತಣ್ಣಗಿತ್ತು. ಎರಡನೆಯದು ಹಾಲುಹಲ್ಲಿನ ಹಾಗೆ ತಾನಾಗಿಯೇ ಬಂತು. ಅದು ಅಷ್ಟು ಸುಲಭವಾಗಿ ಬಂದದ್ದೇ ಕಳಕಪ್ಪನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಅಂಗಿಯ ಜೇಬಿಗೆ ಹಾಕಿಕೊಳ್ಳಲು ಹೋಗಿ, ಯಾಕೋ ಬೇಡವೆನಿಸಿ, ಅಂಗೈಯಲ್ಲೇ ಹಿಡಿದುಕೊಂಡು ಬಂದ.

ಮುರಿದ ಸ್ಟಡ್ಡು ತೆಗೆಯುವುದು ಸುಲಭವಲ್ಲ. ಹಿಡಿಯಲು ತಲೆಯಿಲ್ಲ, ಎಂಜಿನ್ನಿನ ಮೈಯೊಳಗೆ ತುಕ್ಕಿನಿಂದ ಬೆಸೆದು ಕೂತಿರುತ್ತದೆ. ಕಳಕಪ್ಪ ಸೀಮೆಎಣ್ಣೆ ಕುಡಿಸಿ ಒಂದು ಹಗಲು ನೆನೆಹಾಕಿದ. ಕಾಸಿದ ಸಲಾಕೆ ಮುಟ್ಟಿಸಿ ಸುತ್ತಲ ಕಬ್ಬಿಣವನ್ನು ಹಿಗ್ಗಿಸಿದ. ಮುರಿದ ತುಂಡಿನ ನಟ್ಟನಡುವೆ ಕೈಬೈರಿಗೆಯಿಂದ ತೂತು ಕೊರೆದು, ಆ ತೂತಿಗೆ ಚೌಕ ಮೂಲೆಯ ಉಕ್ಕಿನ ಕಡ್ಡಿ ಬಡಿದು ಕೂರಿಸಿ, ಕೂಸಿನ ಕಿವಿ ಹಿಂಡುವಷ್ಟೇ ಮೆಲ್ಲಗೆ ತಿರುಗಿಸಿದ. ಕಿರ್ರೆಂದು ತುಂಡು ಹೊರಗೆ ಬಂತು. ಈ ಕೆಲಸದಲ್ಲಿ ಅವನನ್ನು ಹೊಗಳಲೇಬೇಕು; ಅವನಂತೂ ಹೊಗಳಿಕೊಂಡ.

ಆಮೇಲೆ ಮೊಳೆಗಳನ್ನು ಕತ್ತರಿಸಿ, ಗೀರು ಕೊರೆದು, ಸ್ಟಡ್ಡು ಮಾಡಿದ. ಉಳಿದ ತುಂಡುಗಳನ್ನು ಬಿಸಾಡದೆ ತಿದಿಯ ಹಿಂದಿನ ಗೂಡಿನಲ್ಲಿಟ್ಟ. ಒಲೆಯ ಇಕ್ಕಳದ ಕಬ್ಬಿಣ ಮೆತ್ತನೆಯದು, ಎಂಜಿನ್ನಿನ ಬಿಸಿಗೆ ಅದು ಎಳೆದುಕೊಂಡು ಉದ್ದವಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಆದರೆ ಕಬ್ಬಿಣಕ್ಕೆ ಕಿವಿ ಇದೆಯಲ್ಲ! ತಾಮ್ರದ ತಗಡು ಕತ್ತರಿಸಿ ನಡುವೆ ಕೊಟ್ಟು, ಹಿತ್ತಾಳೆಯ ನಟ್ಟು ಹಾಕಿ, ಬಿಗಿದು, ಬಿಸಿ ಮಾಡಿ, ಆರಿದ ಮೇಲೆ ಮತ್ತೆ ಬಿಗಿದ.

ಮರುದಿನ ಬೆಳಿಗ್ಗೆ ಸಾವುಕಾರ ಬಂದ. ನೋಡಲು ಓಣಿಯೂ ಬಂತು. ರಾಜಾಸಾಬ ಹ್ಯಾಂಡಲ್ ತಿರುವಿದ. ಎಂಜಿನ್ನು ಹಿಡಿಯಿತು. ಫಟಫಟ ಇಲ್ಲ, ಹೊಗೆ ಇಲ್ಲ. ಕಳಕಪ್ಪ ಕೈ ಒರೆಸಿಕೊಂಡ.

"ನೋಡ್ರಿ ಸಾವುಕಾರ್ರ. ಇಡೀ ನಿಜಾಮರ ರಾಜ್ಯದಾಗ ಇಂಥಾ ಕೆಲಸ..."

"ಚ್ಚ್," ಎಂದಿತು ಮೋಟಾರು.

ಕಳಕಪ್ಪನ ಕೈಯಲ್ಲಿದ್ದ ಅರಿವೆ ಕೆಳಗೆ ಬಿತ್ತು. ಎಂಜಿನ್ನು ತಿರುಗುತ್ತಿತ್ತು, ಅದರ ಜೊತೆಗೆ ಆ ಸದ್ದೂ: ಚ್ಚ್, ಚ್ಚ್, ಚ್ಚ್. ಅದೇ ನಾಲಗೆ, ಅದೇ ಅಂಗುಳ. ಸ್ವಲ್ಪ ಹೊತ್ತಿಗೆ ಕಬ್ಬಿಣ ಕಾದು, ಉಬ್ಬಿ, ಸಂದು ಮುಚ್ಚಿ, ಸದ್ದು ನಿಂತಿತು. ಮಿಸ್ತ್ರಿಯ ಬುದ್ಧಿ ಹೇಳಿದ್ದು ಇಷ್ಟು. ಉಳಿದ ಕಳಕಪ್ಪನ ಮೈಮೇಲೆ ಮುಳ್ಳೆದ್ದಿದ್ದವು.

"ಇದೇನು, ಮೋಟಾರು ಲೊಚಗುಡತೈತಿ?" ಎಂದ ಸಾವುಕಾರ.

"ಹೊಸಾ ಸ್ಟಡ್ಡು ಅಲ್ಲೇನ್ರಿ. ಸಂಕೋಚ ಮಾಡಿಕೋತಾವು. ನಾ ದಿನಾ ಬಂದು ನೋಡ್ತೀನಿ."

ದಿನವೂ ಹೋದ. ಬೆಳಿಗ್ಗೆ ತಣ್ಣಗಿದ್ದ ಎಂಜಿನ್ನು ಶುರು ಮಾಡುವ ಹೊತ್ತಿಗೆ ಸರಿಯಾಗಿ ಸಾವುಕಾರನ ಅಂಗಳದಲ್ಲಿ ನಿಂತಿರುತ್ತಿದ್ದ. ನಟ್ಟು ಬಿಗಿಯುವ ನೆವ. ಸ್ಪ್ಯಾನರು ಹಚ್ಚುತ್ತಿದ್ದ, ಬಿಗಿಯುತ್ತಿರಲಿಲ್ಲ. ಬಾನೆಟ್ಟಿನೊಳಗೆ ತಲೆ ಹಾಕಿ, "ನಿನ್ನಿ ಒಂದು ಲಾರಿ ರಿಪೇರಿ ಮಾಡಿದೆ. ಯಲಬುರ್ಗಾದ ಮಿಸ್ತ್ರಿ ಕೈ ಬಿಟ್ಟಿದ್ದ ಲಾರಿ," ಎಂದು ಪಿಸುಗುಟ್ಟುವನು. "ಚ್ಚ್," ಎನ್ನುವುದು. ಅವನ ಎದೆಯ ಗಾಳಿ ಇಳಿಯುವುದು. ಹಳೆಯ ಸಿಟ್ಟು, ಹಳೆಯ ಆರಾಮ. ಒಂದು ಬೆಳಿಗ್ಗೆ, ಇನ್ನೂ ಹತ್ತಿರಕ್ಕೆ ಕಿವಿ ಒಯ್ದಾಗ, ಆ ಸದ್ದಿನ ಬೆನ್ನಿಗೆ ಇನ್ನೊಂದು ಕೇಳಿಸಿತು. ತೀರ ಸಣ್ಣದು, ದೊಡ್ಡವರನ್ನು ನೋಡಿ ಕಲಿಯುತ್ತಿರುವವರದು. ಕಳಕಪ್ಪ ರಾಜಾಸಾಬನನ್ನು ಕರೆದು ಕೇಳಿಸಿದ. ರಾಜಾಸಾಬನಿಗೆ ಕೇಳಿಸಲಿಲ್ಲ. ಆದರೆ ಮರುದಿನದಿಂದ ಅವನು ಮೋಟಾರು ಹತ್ತುವ ಮೊದಲು ತಾಯಿತ ಮುಟ್ಟಿಕೊಳ್ಳತೊಡಗಿದ.

ಅಷ್ಟರಲ್ಲಿ ಶೇಖರಮ್ಮ ಯಾವುದೋ ಕೆಲಸಕ್ಕೆ ಕುಷ್ಟಗಿ ದಾರಿಯಲ್ಲಿ ಹೋದವಳು, ಅರ್ಧಕ್ಕೇ ತಿರುಗಿ ಬಂದು ಕುಲುಮೆಯ ಹೊಸ್ತಿಲಲ್ಲಿ ಕುಸಿದಳು.

"ಕಳಕ್ಯಾ, ಮರದಾಗಿನ ಮೊಳಿ ಎಲ್ಲೋ?"

ಕಳಕಪ್ಪ ಹೇಳಿದ.

"ಅಯ್ಯ ನನ್ನಪ್ಪಾ! ಸತ್ತ ಹೆಂಡ್ತಿನ ಮೋಟಾರನ್ಯಾಗ ಕುಂದರಿಸಿ ಊರೂರು ತಿರುಗಸಾಕ ಹತ್ತೀಯಲ್ಲೋ! ನಾಳೆ ಮನಿ ಹಾದಿ ಹಿಡದ್ರ?"

"ಬರ್ಲಿ ಬಿಡು. ಆಕಿ ಮನೀನ ಅಲ್ಲೇನ್ ಇದು?"

"ಬಂದ್ರ ನನ್ನ ಮ್ಯಾಲನ ಬರ್ತಾಳೋ." ಮುದುಕಿ ಅಡಿಗೆಮನೆಯ ಕಡೆ ನೋಡಿದಳು. "ಜ್ವರದಾಗ ನೀರು ನೀರು ಅಂದ್ಳು. ತಣ್ಣೀರು ಕೊಡಬಾರದಂದ್ರು ಮಂದಿ. ನಾ ಕೊಡಲಿಲ್ಲ. ಚರಿಗಿ ತೆಲಿದಿಂಬಿನ ಕಡೆ ಇತ್ತು, ನಾನಽ ಸರಿಸಿಟ್ಟೆ. ಆಕಿ ಅದನ್ನಽ ನೋಡಿಕೋತ ಹೋದ್ಳು."

ಇದು ಕಳಕಪ್ಪನಿಗೆ ಗೊತ್ತಿರಲಿಲ್ಲ. ಅವನು ಆಗ ಕುಲುಮೆಯಲ್ಲಿ ಯಾರಿಗೋ ತನ್ನ ಕೆಲಸದ ಬಗ್ಗೆ ಹೇಳುತ್ತಿದ್ದ.

"ಬರೋ ಅಮಾಸಿಗೆ ಅವನ್ನ ಕಾಸಿ, ಮತ್ತ ಮೊಳಿ ಮಾಡಿ, ಮರಕ್ಕ ಹೊಡಿ. ನನ್ನ ಮ್ಯಾಲೆ ಆಣಿ."

"ಸಾಹೇಬರು ಬಂದು ಹೋಗಲಿ," ಎಂದ ಕಳಕಪ್ಪ.

ಸಾಹೇಬರು ಬಂದರು. ದಾರಿಯಲ್ಲಿ ಕೈಕೊಟ್ಟರೆ ಇರಲಿ ಎಂದು ಕಳಕಪ್ಪನನ್ನೂ ರಾಜಾಸಾಬನ ಪಕ್ಕ ಕೂರಿಸಿಕೊಂಡರು. ಕಬ್ಬಿಣ ಕಾದ ಮೇಲೆ ಗಂಗಾವತಿ ದಾಟುವವರೆಗೆ ಮೋಟಾರು ಮೌನವಾಗಿತ್ತು. ಊಟಕ್ಕೆಂದು ನೆರಳಲ್ಲಿ ನಿಲ್ಲಿಸಿದಾಗ ಎಂಜಿನ್ನು ಆರಿತು. ಮತ್ತೆ ಹೊರಟಾಗ ಏರು ದಾರಿ, ಸಾವುಕಾರ ಮಾತಿಗೆ ಶುರುವಿಟ್ಟುಕೊಂಡ.

"ಈ ಸೀಮಿಯೊಳಗ ನನ್ನ ಕೇಳದ ಒಂದು ಹುಲ್ಲುಕಡ್ಡಿ ಅಳ್ಳಾಡಂಗಿಲ್ರಿ, ಸಾಹೇಬರ."

"ಚ್ಚ್."

"ಬಡವರು ನನ್ನ ತಂದಿ ಅಂತಾರ್ರಿ."

"ಚ್ಚ್, ಚ್ಚ್."

ಸಾಹೇಬರು ಮೀಸೆಯ ಕೆಳಗೇ ನಗು ತಡೆದುಕೊಂಡರು. ಹನುಮನಹಳ್ಳಿ ಬರುವ ಹೊತ್ತಿಗೆ ತಡೆಯಲಾಗದೆ ಕಣ್ಣೊರೆಸಿಕೊಂಡರು. "ಕೊಟ್ರಪ್ಪ, ನಿಮ್ಮ ಮೋಟಾರು ಬಹುತ್ ಅಕಲಮಂದ್, ಭಾಳ ಶಾಣ್ಯಾ ಅದ," ಎಂದರು.

ಪಂಪಾಸರೋವರದ ಹತ್ತಿರ ಸಾಹೇಬರು ಇಳಿದು ಹೋದರು. ಕಳಕಪ್ಪ ಬಾನೆಟ್ಟು ತೆರೆದು ನಿಂತ. ಅವನು ಮಾತು ಕೊಟ್ಟಂತೆಯೇ ಆಗಿತ್ತು, ಮೋಟಾರು, ಸಾವುಕಾರಿಕೆ ಎಲ್ಲ. ಎಂಜಿನ್ನು ಪೂರ್ತಿ ಆರುವವರೆಗೆ ಕಾಯ್ದು, ಹೊಂಡದಿಂದ ಬೊಗಸೆಯಲ್ಲಿ ನೀರು ತಂದು, ಎರಡೂ ಸ್ಟಡ್ಡುಗಳ ಮೇಲೆ ಹನಿಸಿದ. ಬಿಸಿ ಕಬ್ಬಿಣದ ಮೇಲೆ ತಣ್ಣೀರು ಬಿದ್ದರೆ ಏನಾಗುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಬಂದಿ ನೋಡು," ಎಂದ. ಅವಳು ಲೊಚಗುಟ್ಟಲಿಲ್ಲ.

ಕೆಟ್ಟದ್ದು ಸಾಹೇಬರ ಒಳ್ಳೆಯ ಮನಸ್ಸಿನಿಂದ ಆಯಿತು. ಅವರು ರಾಯಚೂರಿಗೆ ಹೋದವರೇ ಎಲ್ಲಿಂದಲೋ ಹುಡುಕಿಸಿ ಎರಡು ಹೊಸ ಉಕ್ಕಿನ ಸ್ಟಡ್ಡು ಕಳಿಸಿಬಿಟ್ಟರು. ಸಾವುಕಾರ ಅವನ್ನು ಕುಲುಮೆಯ ಮುಂದೆ ಎಸೆದ.

"ಊರೆಲ್ಲಾ ನಗಾಕ ಹತ್ತೈತಿ ನನ್ನ ನೋಡಿ. ಇವತ್ತ ಹಾಕಿದಿ ಸರಿ. ಇಲ್ಲಾಂದ್ರ ಹೊಸಪೇಟಿಗೆ."

ಹಾಕದೆ ಗತಿಯಿರಲಿಲ್ಲ. ಹೊಸಪೇಟೆಯ ಮಿಸ್ತ್ರಿ ಹಾಕಿದರೆ ಹಳೆಯವನ್ನು ಮೋರಿಗೆ ಎಸೆಯುತ್ತಾನೆ. ಕಳಕಪ್ಪ ತಾನೇ ಹಾಕಿದ. ಬೇಕೆಂದೇ ಸ್ವಲ್ಪ ಸಡಿಲ ಬಿಡಬಹುದಿತ್ತು, ಕೈ ಕೇಳಲಿಲ್ಲ. ಹುಟ್ಟಿದಂದಿನಿಂದ ಮಾಡಿದ ಕೆಲಸಗಳಲ್ಲೆಲ್ಲ ಅಚ್ಚುಕಟ್ಟಾದ ಕೆಲಸ ಅದು. ರಾಜಾಸಾಬ ಹ್ಯಾಂಡಲ್ ತಿರುವಿದ. ಎಂಜಿನ್ನು ಬೆಣ್ಣೆಯಂತೆ ತಿರುಗಿತು.

"ಇಡೀ ನಿಜಾಮರ ರಾಜ್ಯದಾಗ," ಎಂದು ಶುರು ಮಾಡಿ ಕಳಕಪ್ಪ ಕಾಯ್ದ. ಏನೂ ಬರಲಿಲ್ಲ. "ಭೇಷ್ ಮಿಸ್ತ್ರಿ," ಎಂದ ಸಾವುಕಾರ. ಓಣಿ ತಲೆದೂಗಿತು. ಅಷ್ಟು ಜನ ಒಟ್ಟಿಗೆ ತಲೆದೂಗಿದ್ದನ್ನು ಅವನು ಎಂದೂ ಕಂಡಿರಲಿಲ್ಲ, ಮತ್ತು ಅಷ್ಟು ಒಬ್ಬಂಟಿ ಎಂದೂ ಆಗಿರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಶೇಖರಮ್ಮ ಕುಲುಮೆಯ ಬಾಗಿಲಲ್ಲಿ ಬಂದು ಕೂತಳು. ಕಳಕಪ್ಪ ತೆಗೆದ ಸ್ಟಡ್ಡುಗಳನ್ನೂ ಗೂಡಿನಲ್ಲಿಟ್ಟ ತುಂಡುಗಳನ್ನೂ ಒಲೆಗೆ ಹಾಕಿ ತಿದಿ ಒತ್ತಿದ. ಬಿಳಿಯಾಗಿ ಕಾದ ತುಂಡಿಗೆ ತುಂಡು ಬೆಸೆದು ಬಡಿದ. ಮೊಳೆಯಾಗಬೇಕಾದದ್ದು ಮೊಳೆಗಿಂತ ಉದ್ದವಾಗುತ್ತಿದೆ, ಮೊನೆಯ ಬದಲು ಚಪ್ಪಟೆಯಾಗುತ್ತಿದೆ ಎಂದು ಮುದುಕಿಗೆ ತಡವಾಗಿ ತಿಳಿಯಿತು. ಅವಳು ಎದ್ದು ನಿಂತಳು. ಕಳಕಪ್ಪ ಎರಡು ಕಾಲನ್ನೂ ಜೋಡಿಸಿ ಕೀಲು ಹೊಡೆದು, ನೀರಲ್ಲಿ ಅದ್ದಿದ.

"ಮರಕ್ಕ ಹೊಡ್ಯಾಂಗಿಲ್ಲವ್ವ ನಾ," ಎಂದ. "ಒಮ್ಮೆ ಹೊಡದದ್ದು ಸಾಕು. ಬೇಕಾದ್ರ ಇದನ್ನ ಹೊರಗ ಒಗಿ, ನಾ ಬ್ಯಾಡನ್ನಾಂಗಿಲ್ಲ."

ಇಕ್ಕಳವನ್ನು ಅವಳ ಕೈಗೆ ಕೊಟ್ಟ, ಹಿಂದೊಮ್ಮೆ ಅವಳು ತನಗೆ ಕೊಟ್ಟ ಹಾಗೆಯೇ. ಶೇಖರಮ್ಮ ಅದನ್ನು ಎರಡೂ ಕೈಯಲ್ಲಿ ತೂಗಿ ನೋಡಿದಳು. ಒಳಗೆ ಹೋದಳು. ಒಲೆಯಲ್ಲಿ ಕೆಂಡ ಸರಿಸಿದ ಸದ್ದಾಯಿತು, ಮತ್ತೆ, "ಚ್ಚ್."

"ಕೀಲು ಸಡ್ಲ ಐತೆಲೋ," ಎಂದಳು ಒಳಗಿಂದ, ತೆಳ್ಳಗಿನ ದನಿಯಲ್ಲಿ.

"ಹೂಂ."

"ಬಿಗಿ ಮಾಡಂಗಿಲ್ಲೇನು?"

"ನಾಳಿಗೆ," ಎಂದ ಕಳಕಪ್ಪ.

ಶೇಖರಮ್ಮ ಒಂದು ಚರಿಗೆಯಲ್ಲಿ ತಣ್ಣೀರು ತುಂಬಿ ಒಲೆಯ ಬದಿಗೆ, ಇಕ್ಕಳಕ್ಕೆ ಕೈಗೆಟಕುವ ಹಾಗೆ ಇಟ್ಟಳು. ಅಂದಿನಿಂದ ದಿನವೂ ಇಟ್ಟಳು. ಬೆಳಗಾಗುವಷ್ಟರಲ್ಲಿ ನೀರು ಒಂದಿಷ್ಟು ಇಳಿದಿರುತ್ತಿತ್ತು.

ರಾಜಾಸಾಬನ ಬಾಯಿಂದ ಊರಿಗೆಲ್ಲ ಇದು ಗೊತ್ತಾಯಿತು. ಇಡೀ ರಾಜ್ಯದ ಸ್ಟಡ್ಡು ಬಿಗಿಯುವ ಮಿಸ್ತ್ರಿಯ ಮನೆಯ ಇಕ್ಕಳವೇ ಸಡಿಲವಂತೆ ಎಂದು ಕುಲುಮೆಯ ಕಟ್ಟೆಯ ಮೇಲೆ ಕೂತವರು ಕೆಣಕುತ್ತಿದ್ದರು. ನೀರು ಇಳಿಯುವ ಮಾತೂ ಬರುತ್ತಿತ್ತು. ಆಗ ಕಳಕಪ್ಪ ಅರಿವೆಯಿಂದ ಕೈ ಒರೆಸಿಕೊಳ್ಳುವನು.

"ಅದರಾಗ ಏನೈತ್ರೋ? ಒಲಿ ಬಿಸಿಗೆ ನೀರು ಆರತೈತಿ. ಇದನ್ನ ತಿಳಕೊಳ್ಳಾಕ ಮಿಸ್ತ್ರಿ ತೆಲಿ ಬೇಕು. ಈ ಸೀಮಿಯೊಳಗ ನನ್ನ ಬಿಟ್ರ..."

ಒಳಗೆ ಒಲೆ ಆರಿತ್ತು. ಶೇಖರಮ್ಮ ಕಟ್ಟೆಯ ಮೇಲೆಯೇ, ಅವರ ಜೊತೆಗೇ, ಬತ್ತಿ ಹೊಸೆಯುತ್ತ ಕೂತಿದ್ದಳು. ಅಡಿಗೆಮನೆಯಿಂದ ಮೊದಲು ದೊಡ್ಡದೊಂದು ಲೊಚ ಬಂತು, ಅದರ ಬೆನ್ನಿಗೆ ಸಣ್ಣದು. ಕಳಕಪ್ಪ ಮಾತನ್ನು ಅಲ್ಲಿಗೇ ಬಿಟ್ಟು, ತಲೆ ತಗ್ಗಿಸಿ, ಸುತ್ತಿಗೆ ಎತ್ತಿಕೊಂಡ.